ಹೊಸ ಕ್ಲಾಸಿಕ್ 350: ಮೊದಲ ಸರ್ವಿಸ್‌ಗೆ ಮುಂಚೆ ಎಂಜಿನ್ ಟ್ಯೂನಿಂಗ್ ಮಾಡಿಸಬೇಕಾ?

ಹಾಸನ_ಸವಾರ (ಪ್ರಶ್ನೆ)

ಗಾಡಿ: ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಜೆ-ಸರಣಿ ಎಂಜಿನ್, ಸ್ಪೋಕ್ ವೀಲ್. ಓಡೋಮೀಟರ್ 400ರ ಹತ್ತಿರ ಇದೆ. ಗಾಡಿಯಲ್ಲಿ ತೊಂದರೆ ಏನೂ ಇಲ್ಲ, ಆದರೆ ಕೇಳಿದ ಕಡೆಯೆಲ್ಲ ಒಂದೊಂದು ಥರ ಹೇಳ್ತಾರೆ. ತಿಳಿದವರು ಬಿಡಿಸಿ ಹೇಳಿ:

1. ರನ್-ಇನ್ (ಹೊಸ ಎಂಜಿನ್ ಹದಕ್ಕೆ ಬರುವ ಮೊದಲ ದಿನಗಳ) ಅವಧಿಯಲ್ಲಿ ಎಷ್ಟು ವೇಗ? "1000 ಕಿ.ಮೀ. ತನಕ 40 ದಾಟಲೇಬೇಡ" ಅನ್ನೋರು ಒಂದು ಕಡೆ, "ಮೊದಲಿಂದಲೇ ಎಳೆದು ಓಡಿಸು, ಎಂಜಿನ್ ಫ್ರೀ ಆಗುತ್ತೆ" ಅನ್ನೋರು ಇನ್ನೊಂದು ಕಡೆ. ಕ್ಲಾಸಿಕ್‌ನಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು) ತೋರಿಸುವ ಮೀಟರೂ ಇಲ್ಲ.
2. ಪರಿಚಯದ ಮೆಕ್ಯಾನಿಕ್ ಒಬ್ಬರು "ಒಂದು ಟ್ಯೂನಿಂಗ್ ಮಾಡಿಕೊಡ್ತೀನಿ, ಮೈಲೇಜ್ ಏರುತ್ತೆ" ಅಂತಾರೆ. ಮಾಡಿಸಬಹುದಾ?
3. ಮೊದಲ ಸರ್ವಿಸ್‌ನಲ್ಲಿ ಏನೇನು ಕೇಳಿ ಮಾಡಿಸಬೇಕು? ಫುಲ್ ಸಿಂಥೆಟಿಕ್ ಆಯಿಲ್ ಈಗಲೇ ಹಾಕಿಸಲಾ?
4. ಸರ್ವಿಸ್‌ಗೆ ಮುಂಚೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿಬರಬಹುದಾ?

---

ಟಾರ್ಕ್_ರೆಂಚ್

ಆ 40ರ ಲೆಕ್ಕ ಎರಕದ ಕಬ್ಬಿಣದ ಬ್ಯಾರೆಲ್ಲಿನ ಹಳೇ ಬುಲೆಟ್ ಮತ್ತು ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಕಾಲದ್ದು. ಅಲ್ಯುಮಿನಿಯಂ ಪಿಸ್ಟನ್ ಬಿಸಿಗೆ ಬೇಗ ಹಿಗ್ಗುತ್ತೆ, ಕಬ್ಬಿಣದ ಬ್ಯಾರೆಲ್ ಅಷ್ಟು ಹಿಗ್ಗಲ್ಲ. ಹೊಸದರಲ್ಲಿ ಜೋರಾಗಿ ಓಡಿಸಿದರೆ ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಆಗಿನ ಹಿರಿಯರು ಹೇಳಿದ್ದು ಆಗಿನ ಗಾಡಿಗೆ ಸರಿ. ಈಗಿನ ಬೋರು (ಪಿಸ್ಟನ್ ಓಡಾಡುವ ಕೊಳವೆ), ಪಿಸ್ಟನ್‌ಗಳ ಅಳತೆ ಎಷ್ಟೋ ನಿಖರ, ಆಯಿಲ್ಲೂ ಬೇರೆ.

ಈಗ ರನ್-ಇನ್‌ನಲ್ಲಿ ನಡೆಯಬೇಕಾದ ಮುಖ್ಯ ಕೆಲಸ ಪಿಸ್ಟನ್ ಸುತ್ತಲಿನ ರಿಂಗು ಬೋರಿಗೆ ಹೊಂದಿ ಕೂರುವುದು. ಬೋರಿನ ಒಳಗೋಡೆಯಲ್ಲಿ ಹೋನಿಂಗ್ (ಸಾಣೆ ಉಜ್ಜುವುದು) ಮಾಡಿದ ಅಡ್ಡಗೀರುಗಳಿರುತ್ತವೆ. ಪೆಟ್ರೋಲ್ ಉರಿದಾಗಿನ ಒತ್ತಡ ರಿಂಗಿನ ಹಿಂಬದಿಗೆ ಹೋಗಿ ಅದನ್ನು ಗೋಡೆಗೆ ಒತ್ತುತ್ತೆ, ಗೀರುಗಳ ಚೂಪು ಸವೆದು ಎರಡೂ ಹೊಂದಿಕೊಳ್ಳುತ್ತವೆ. ತೀರಾ ಮೆದುವಾಗಿ ಓಡಿಸಿದರೆ ಈ ಒತ್ತಡವೇ ಸಾಲದು. ಗೋಡೆ ನುಣುಪಾಗಿ ಹೊಳಪು ಬರುತ್ತೆ, ರಿಂಗು ಕೂರಲ್ಲ, ಆಮೇಲೆ ಆಯಿಲ್ ಕುಡಿಯೋದು ಶುರು. ಉಲ್ಟಾ, ಫುಲ್ ಥ್ರಾಟಲ್‌ನಲ್ಲಿ ಹಿಡಿದು ನಿಂತರೆ ಅಲ್ಲಲ್ಲಿ ಬಿಸಿ ಏರಿ ಪಿಸ್ಟನ್ ಗೋಡೆಗೆ ಉಜ್ಜಿದ ಗೆರೆ ಬೀಳುತ್ತೆ. ಹಾಗಾಗಿ ನಿಮಗೆ ಹೇಳಿದ ಎರಡು ಸಲಹೆಗಳೂ ಅರ್ಧರ್ಧ ಸರಿ, ಅರ್ಧರ್ಧ ತಪ್ಪು.

ಮಾಡಬೇಕಾದ್ದು: ವೇಗ ಬದಲಾಯಿಸುತ್ತಾ ಇರಿ. ಥ್ರಾಟಲ್ ಅರ್ಧದವರೆಗೆ ನಿಧಾನವಾಗಿ ತೆರೆದು ವೇಗ ಏರಿಸಿ, ಬಿಟ್ಟು ಎಂಜಿನ್ ಬ್ರೇಕಿಂಗ್‌ನಲ್ಲಿ ಇಳಿಸಿ, ಮತ್ತೆ ಏರಿಸಿ. ಬೈಪಾಸ್‌ನಲ್ಲಿ ಒಂದೇ 60ರಲ್ಲಿ ಗಂಟೆಗಟ್ಟಲೆ ಹೋಗೋದಕ್ಕಿಂತ ಹಾಸನ–ಬೇಲೂರಿನಂಥ ತಿರುವು, ಊರು, ಏರಿಳಿತ ಇರುವ ರಸ್ತೆ ಒಳ್ಳೆಯದು.

ಆರ್‌ಪಿಎಂ ಮೀಟರ್ ಇಲ್ಲ ಅನ್ನೋದಕ್ಕೆ ಚಿಂತೆ ಬೇಡ. ಈ ಎಂಜಿನ್ 72 ಮಿ.ಮೀ. ಬೋರ್, 85.8 ಮಿ.ಮೀ. ಸ್ಟ್ರೋಕಿನದ್ದು (ಸ್ಟ್ರೋಕ್ ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ). 27 ಎನ್‌ಎಂ ಟಾರ್ಕ್ (ಎಳೆಯುವ ಬಲ) 4000 ಆರ್‌ಪಿಎಂಗೇ ಸಿಗುತ್ತೆ, 20.2 ಬಿಎಚ್‌ಪಿ 6100ಕ್ಕೆ. ಉದ್ದ ಸ್ಟ್ರೋಕಿನ ಎಂಜಿನ್‌ನಲ್ಲಿ ಜನ ಮಾಡುವ ದೊಡ್ಡ ತಪ್ಪು ಜೋರಾಗಿ ಓಡಿಸುವುದಲ್ಲ, ಮೇಲಿನ ಗೇರಿನಲ್ಲಿ ನಿಧಾನಕ್ಕೆ ಎಳೆಸುವುದು. "ಡುಗು ಡುಗು" ಕೇಳಲು ಚೆಂದ ಅಂತ 5ನೇ ಗೇರಿನಲ್ಲಿ 40ಕ್ಕೆ ಥ್ರಾಟಲ್ ತಿರುಗಿಸಿದರೆ ಪಿಸ್ಟನ್, ಅದರ ರಾಡಿನ ಬುಡದ ಬಿಗ್ ಎಂಡ್ ಬೇರಿಂಗ್ ಮೇಲೆ ಹೊಡೆತ ಜಾಸ್ತಿ, ಆಯಿಲ್ ಪಂಪ್ ತಿರುಗುವ ವೇಗ ಕಡಿಮೆ. ನನ್ನ ಲೆಕ್ಕದಲ್ಲಿ 5ನೇ ಗೇರು 50ರ ಮೇಲೆಯೇ. ಸರ್ವಿಸ್ ಆಗುವ ತನಕ 70–75 ದಾಟಿಸಿ ಹಿಡಿದಿಡಬೇಡಿ. ಹ್ಯಾಂಡಲ್‌ನಲ್ಲಿ ನಡುಕ, ಎಂಜಿನ್‌ನಲ್ಲಿ ಗುದ್ದಿದ ಹಾಗೆ ಅನಿಸಿದರೆ ಒಂದು ಗೇರ್ ಇಳಿಸಿ.

ಶಿರಾಡಿ: ಸರ್ವಿಸ್ ಮುಗಿಸಿಕೊಂಡೇ ಹೋಗಿ, 500ರ ಸರ್ವಿಸ್‌ಗೆ ಇನ್ನೇನು 100 ಕಿ.ಮೀ. ತಾನೇ. ಹೋಗುವಾಗ ಇಳಿಜಾರು, ತೊಂದರೆ ಇಲ್ಲ. ಬರುವಾಗ ಗುಂಡ್ಯ ದಾಟಿ ಮಾರನಹಳ್ಳಿವರೆಗಿನ ಏರಿನಲ್ಲಿ ಲಾರಿಗಳ ಹಿಂದೆ ಇಬ್ಬರ ಭಾರ ಹೊತ್ತು 15–20ರ ವೇಗದಲ್ಲಿ ತೆವಳಬೇಕಾಗುತ್ತೆ. ಗಾಳಿಯಿಂದ ತಣಿಯುವ ಎಂಜಿನ್‌ಗೆ ಗಾಳಿಯೇ ಸಿಗದ ಜಾಗ ಅದು. ಹೋಗಲೇಬೇಕಾದರೆ ಮೇಲಿನ ಗೇರಿನಲ್ಲಿ ಮುಕ್ಕರಿಸದೆ ಕೆಳಗಿನ ಗೇರಿನಲ್ಲಿ ಹಗುರವಾಗಿ ತಿರುಗಲು ಬಿಡಿ, ಮಧ್ಯೆ ಒಂದು ಕಡೆ ನಿಲ್ಲಿಸಿ ಆರಿಸಿ. ಇಳಿಯುವಾಗ ಕ್ಲಚ್ ಹಿಡಿದು ಅಥವಾ ನ್ಯೂಟ್ರಲ್‌ನಲ್ಲಿ ಬಿಡುವ ಚಾಳಿ ಬೇಡವೇ ಬೇಡ. ಹೊಸ ಬ್ರೇಕ್ ಪ್ಯಾಡುಗಳು ಇನ್ನೂ ಡಿಸ್ಕಿಗೆ ಪೂರ್ತಿ ಹೊಂದಿಕೊಂಡಿರಲ್ಲ, ಬಿಸಿಯಾದರೆ ಹಿಡಿತ ಜಾರುತ್ತೆ.

---

ಆಯಿಲ್_ಸಂಪ್

3ನೇ ಪ್ರಶ್ನೆಗೆ. ಮೊದಲ ಸರ್ವಿಸ್ 500 ಕಿ.ಮೀ. ಅಥವಾ 45 ದಿನ, ಯಾವುದು ಮೊದಲೋ ಅದು. ಕಿಲೋಮೀಟರ್ ಆಗಿಲ್ಲ ಅಂತ ದಿನ ದಾಟಿಸಬೇಡಿ, ವಾರಂಟಿ ವಿಷಯದಲ್ಲಿ ಆಮೇಲೆ ವಾದ ಮಾಡಬೇಕಾಗುತ್ತೆ. ಕೂಲಿ ಮಾತ್ರ ಉಚಿತ. ಆಯಿಲ್, ಫಿಲ್ಟರ್, ವಾಷರ್‌ಗಳಿಗೆ ದುಡ್ಡು ಕೊಡಬೇಕು.

ಈ ಮೊದಲ ಆಯಿಲ್ ಬದಲಾವಣೆ ಗಾಡಿಯ ಆಯಸ್ಸಿನಲ್ಲೇ ಮುಖ್ಯವಾದದ್ದು. ರಿಂಗು, ಗೇರ್ ಹಲ್ಲು, ಕ್ಲಚ್ ಪ್ಲೇಟು ಎಲ್ಲವೂ ಮೊದಲ ಕೆಲವು ನೂರು ಕಿಲೋಮೀಟರ್‌ನಲ್ಲೇ ಹೆಚ್ಚು ಸವೆಯುವುದು. ಆ ಪುಡಿಯೆಲ್ಲ ಇದೇ ಆಯಿಲ್ಲಿನಲ್ಲಿ ಸುತ್ತುತ್ತಿರುತ್ತೆ. ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್ ಅನ್ನೋದು ನೆನಪಿರಲಿ. ಇಳಿಸಿದ ಆಯಿಲ್‌ನಲ್ಲಿ ಬೆಳ್ಳಿ ಬಣ್ಣದ ಮಿನುಗು ಕಂಡರೆ ಗಾಬರಿ ಬೇಡ, ಮೊದಲ ಸಲ ಅದು ಸಹಜ. ಉಗುರಿಗೆ ಸಿಗುವಂಥ ಚೂರು, ಸಿಪ್ಪೆ ಕಂಡರೆ ಮಾತ್ರ ಅಲ್ಲೇ ಸೂಪರ್‌ವೈಸರ್‌ಗೆ ತೋರಿಸಿ.

ಎದುರಿಗೆ ನಿಂತು ನೋಡಬೇಕಾದ್ದು ಇಷ್ಟು. ಎಂಜಿನ್ ಬೆಚ್ಚಗಿರುವಾಗ ಆಯಿಲ್ ಇಳಿಸಬೇಕು, ಕುದಿಯುವಷ್ಟು ಬಿಸಿಯಲ್ಲ. ತಣ್ಣಗಿದ್ದರೆ ಪುಡಿ ತಳದಲ್ಲೇ ಉಳಿಯುತ್ತೆ. ಫಿಲ್ಟರ್ ಹೊಸದು ಬರಬೇಕು, ಸ್ಟ್ರೈನರ್ ಜಾಲರಿ ಬಿಚ್ಚಿ ತೊಳೆಯಬೇಕು. ಜಾಲರಿ ಬಿಟ್ಟುಬಿಡೋದು ತುಂಬಾ ಸಾಮಾನ್ಯ, ಹಾಗಾಗಿ ಜಾಬ್ ಕಾರ್ಡ್‌ನಲ್ಲಿ ಬರೆಸಿ. ಹಳೆಯ ಫಿಲ್ಟರ್ ಕೈಗೆ ಕೊಡಿ ಅಂತ ಮೊದಲೇ ಹೇಳಿಟ್ಟರೆ ಅರ್ಧ ಕೆಲಸ ಅದೇ ಸರಿಯಾಗಿ ಆಗುತ್ತೆ. ಡ್ರೈನ್ ಬೋಲ್ಟಿನ ವಾಷರ್ ಹೊಸದಾಗಿರಬೇಕು. ಅದು ಒಂದು ಸಲ ಒತ್ತಿಸಿಕೊಂಡು ಸೀಲ್ ಆಗುವ ಮೆದು ಲೋಹ. ಹಳೆಯದನ್ನೇ ಹಾಕಿದರೆ ಜಿನುಗುತ್ತೆ, ಜಿನುಗಿದ್ದಕ್ಕೆ ಇನ್ನಷ್ಟು ಬಿಗಿ ಮಾಡ್ತಾರೆ, ಆಗ ಕೇಸಿನ ಅಲ್ಯುಮಿನಿಯಂ ಥ್ರೆಡ್ಡೇ ಕಿತ್ತು ಬರುತ್ತೆ. ಉದ್ದ ಹಿಡಿಯ ಸ್ಪ್ಯಾನರ್ ಮೇಲೆ ಕಾಲಿಟ್ಟು ಬಿಗಿಯುವವರನ್ನು ಕಂಡರೆ ಅಲ್ಲೇ ತಡೆಯಿರಿ.

ಆಯಿಲ್: 15ಡಬ್ಲ್ಯೂ-50 (ಮಂದತೆಯ ಅಳತೆ), ಎಪಿಐ ಎಸ್‌ಎಲ್ (ಗುಣಮಟ್ಟದ ದರ್ಜೆ) ಅಥವಾ ಅದಕ್ಕಿಂತ ಮೇಲಿನದು, ಜಾಸೊ ಎಂಎ2 (ಬೈಕಿನ ಕ್ಲಚ್‌ಗೆ ಹೊಂದುವ ದರ್ಜೆ), ಸೆಮಿ ಸಿಂಥೆಟಿಕ್. ಇದರಲ್ಲಿ ಜಾಸೊ ಎಂಎ2 ಅನ್ನೋದನ್ನು ಯಾವ ಕಾರಣಕ್ಕೂ ಬಿಡಬೇಡಿ. ಕ್ಲಚ್ ಪ್ಲೇಟುಗಳು ಇದೇ ಆಯಿಲ್ಲಿನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲ್‌ನಲ್ಲಿ ಜಾರಿಕೆ ಹೆಚ್ಚಿಸುವ ರಾಸಾಯನಿಕ ಇರುತ್ತೆ, ಅದನ್ನು ಹಾಕಿದರೆ ಏರಿನಲ್ಲಿ ಎಂಜಿನ್ ಕೂಗುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಫುಲ್ ಸಿಂಥೆಟಿಕ್ ಈಗ ಅಗತ್ಯ ಇಲ್ಲ. "ಸಿಂಥೆಟಿಕ್ ಹಾಕಿದರೆ ರಿಂಗು ಕೂರಲ್ಲ" ಅನ್ನೋ ಮಾತನ್ನು ನಾನು ಪೂರ್ತಿ ಒಪ್ಪಲ್ಲ, ಎಷ್ಟೋ ಗಾಡಿಗಳು ಕಾರ್ಖಾನೆಯಿಂದಲೇ ಸಿಂಥೆಟಿಕ್ ತುಂಬಿಕೊಂಡು ಬರ್ತವೆ. ಆದರೆ ಈ ಎಂಜಿನ್‌ಗೆ ಹೇಳಿದ್ದು ಸೆಮಿ, ಅದಕ್ಕಿಂತ ದುಬಾರಿಯದ್ದರಿಂದ ಈಗ ಸಿಗುವ ಲಾಭ ಏನೂ ಇಲ್ಲ.

ಜಾಸ್ತಿ ಆಯಿಲ್ ಹಾಕಿಸಿಕೊಳ್ಳಬೇಡಿ. "ಸ್ವಲ್ಪ ಮೇಲಿರಲಿ ಸಾರ್" ಅನ್ನೋದು ಉಪಕಾರ ಅಲ್ಲ. ಹೆಚ್ಚಾದದ್ದು ಬ್ರೀದರ್ ಪೈಪ್ ಹಿಡಿದು ಏರ್ ಬಾಕ್ಸ್‌ಗೆ ಹೋಗಿ ಏರ್ ಫಿಲ್ಟರ್ ನೆನೆಯುತ್ತೆ, ಥ್ರಾಟಲ್ ಬಾಡಿ ಅಂಟಾಗುತ್ತೆ. ಎಂಜಿನ್ ಕೆಲವು ನಿಮಿಷ ಓಡಿಸಿ, ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ಗಾಡಿ ನೆಟ್ಟಗೆ ನಿಂತಿರುವಾಗ ಎಂಜಿನ್ ಬದಿಯ ಕಿಟಕಿ ಗಾಜಿನಲ್ಲಿ ನೋಡಿ. ಎರಡು ಗುರುತುಗಳ ನಡುವೆ ಇರಬೇಕು. ಸೈಡ್ ಸ್ಟ್ಯಾಂಡ್‌ನಲ್ಲಿ ನೋಡಿದ ಲೆವೆಲ್ ಲೆವೆಲ್ಲೇ ಅಲ್ಲ.

ಎಂಜಿನ್ ಫ್ಲಶ್, ಆಯಿಲ್ ಅಡಿಟಿವ್, ಟೆಫ್ಲಾನ್ ಕೋಟಿಂಗ್, ಇಂಜೆಕ್ಟರ್ ಕ್ಲೀನಿಂಗ್: 500 ಕಿ.ಮೀ. ಗಾಡಿಗೆ ಇವು ಯಾವುದೂ ಬೇಡ. ಬಿಲ್‌ನಲ್ಲಿ ಸೇರಿದ್ದರೆ ತೆಗೆಸಿ.

---

ಹಾಸನ_ಸವಾರ

ಧನ್ಯವಾದ, ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಶಿರಾಡಿ ಮುಂದಕ್ಕೆ ಹಾಕಿದೆ. ಟ್ಯೂನಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು: ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು ಸರಿಮಾಡುವುದು) ಶಬ್ದ ಬಂದರೆ ಮಾತ್ರ ಮಾಡಿಸಿದರೆ ಸಾಕು ಅಲ್ವಾ? ಈಗ ಎಂಜಿನ್ ತುಂಬಾ ಸ್ಮೂತ್ ಆಗಿದೆ.

---

ಫೀಲರ್_ಗೇಜ್

ಅಲ್ಲ, ಇದು ಉಲ್ಟಾ. ಶಬ್ದ ಮಾಡುವ ಟ್ಯಾಪೆಟ್‌ಗಿಂತ ಶಬ್ದವೇ ಮಾಡದ ಟ್ಯಾಪೆಟ್‌ಗೆ ಹೆದರಬೇಕು.

ಹೊಸ ಎಂಜಿನ್‌ನಲ್ಲಿ ವಾಲ್ವ್ ತನ್ನ ಸೀಟಿಗೆ ಹೊಂದಿಕೊಳ್ಳುತ್ತಾ ಕೂದಲೆಳೆಯಷ್ಟು ಮೇಲಕ್ಕೆ ಏರುತ್ತೆ. ಅಂದರೆ ಅದರ ತುದಿಗೂ ರಾಕರ್‌ಗೂ ಇರುವ ಸಂದು ಕಿರಿದಾಗುತ್ತೆ. ಪೂರ್ತಿ ಮುಚ್ಚಿಹೋದರೆ ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡುವುದು ಸೀಟಿಗೆ ತಾಗಿರುವಾಗಲೇ. ತಾಗದಿದ್ದರೆ ಅಂಚು ಸುಡುತ್ತೆ, ಕಂಪ್ರೆಷನ್ ಇಳಿಯುತ್ತೆ, ಬೆಳಿಗ್ಗೆ ಸ್ಟಾರ್ಟ್ ತೊಂದರೆ, ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಫ್ ಆಗೋದು ಶುರು. ಇಷ್ಟೆಲ್ಲ ಆಗುವಾಗಲೂ ಕಿವಿಗೆ ಎಂಜಿನ್ "ಸ್ಮೂತ್" ಆಗೇ ಕೇಳುತ್ತೆ. ಸಂದು ಹೆಚ್ಚಾದರೆ ಮಾತ್ರ ಟಿಕ್ ಟಿಕ್ ಜೋರಾಗುತ್ತೆ, ಅದು ಕಿರಿಕಿರಿ, ಕೂಡಲೇ ಅಪಾಯ ಅಲ್ಲ. (ಎಫ್‌ಐ ಗಾಡಿಯಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕೂಡ ಸಣ್ಣಗೆ ಟಿಕ್ ಅನ್ನುತ್ತೆ, ಅದನ್ನು ಟ್ಯಾಪೆಟ್ ಅಂದುಕೊಂಡು ಬಿಗಿ ಮಾಡಿಸುವವರಿದ್ದಾರೆ.)

ಜೆ-ಸರಣಿಗೆ ಮುಂಚಿನ ಯುಸಿಇ ಎಂಜಿನ್‌ನಲ್ಲಿ ಸಂದನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇತ್ತು, ಮುಟ್ಟುವ ಕೆಲಸವೇ ಇರಲಿಲ್ಲ. "ಎನ್‌ಫೀಲ್ಡ್‌ಗೆ ಟ್ಯಾಪೆಟ್ ಸೆಟ್ಟಿಂಗ್ ಇಲ್ಲ" ಅನ್ನೋ ಮಾತು ಅಲ್ಲಿಂದ ಉಳಿದದ್ದು. ಜೆ-ಸರಣಿಯಲ್ಲಿ ಅದಿಲ್ಲ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಲೇಬೇಕು.

ಎಲ್ಲಕ್ಕಿಂತ ಮುಖ್ಯ: ಇದು ಎಂಜಿನ್ ತಣ್ಣಗಿರುವಾಗ ಮಾಡುವ ಕೆಲಸ. ತಣ್ಣಗೆ ಅಂದರೆ ಕೈ ಇಟ್ಟರೆ ಸುಡಲ್ಲ ಅಂತಲ್ಲ, ರಾತ್ರಿಯಿಡೀ ನಿಂತಿರಬೇಕು. ಬೆಳಿಗ್ಗೆ ಗಾಡಿ ಓಡಿಸಿಕೊಂಡು ಹೋಗಿ ಕೊಟ್ಟು ಅರ್ಧ ಗಂಟೆಯಲ್ಲಿ "ಟ್ಯಾಪೆಟ್ ಆಯ್ತು ಸಾರ್" ಅಂದರೆ ಒಂದೋ ಮಾಡಿಲ್ಲ, ಇಲ್ಲವೇ ತಪ್ಪಾಗಿ ಮಾಡಿದ್ದಾರೆ. ಹಿಂದಿನ ದಿನ ಸಂಜೆ ಬಿಟ್ಟುಬನ್ನಿ. ಆಯಿಲ್ ಬೆಚ್ಚಗಿರುವಾಗ ಇಳಿಸಬೇಕು, ಟ್ಯಾಪೆಟ್ ತಣ್ಣಗಿರುವಾಗ ನೋಡಬೇಕು. ಆದ್ದರಿಂದ ಬೆಳಿಗ್ಗೆ ಮೊದಲು ಟ್ಯಾಪೆಟ್, ಮುಚ್ಚಳ ಹಾಕಿ, ಎಂಜಿನ್ ಐದು ನಿಮಿಷ ಓಡಿಸಿ, ಆಮೇಲೆ ಆಯಿಲ್. ಈ ಕ್ರಮವನ್ನೂ ಜಾಬ್ ಕಾರ್ಡ್‌ನಲ್ಲಿ ಬರೆಸಬಹುದು.

ಸರಿಯಾದ ವಿಧಾನ: ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುತ್ತತುದಿಯಲ್ಲಿರಬೇಕು. ಗುರುತು ಸೇರಿದ ಮೇಲೆ ಎರಡೂ ರಾಕರ್ ಬೆರಳಿಗೆ ಚೂರು ಅಲುಗಬೇಕು. ಅಲುಗದಿದ್ದರೆ ಎಕ್ಸಾಸ್ಟ್ ಸ್ಟ್ರೋಕಿನಲ್ಲಿದೆ ಅಂತ, ಕ್ರ್ಯಾಂಕ್ ಇನ್ನೊಂದು ಪೂರ್ತಿ ಸುತ್ತು ತಿರುಗಿಸಬೇಕು. ಗೇಜ್ ಹಗುರ ಬಿಗಿತದಲ್ಲಿ ಎಳೆದು ಬರಬೇಕು. ಲಾಕ್ ನಟ್ ಬಿಗಿದ ಮೇಲೆ ಮತ್ತೊಮ್ಮೆ ಗೇಜ್ ಹಾಕಲೇಬೇಕು, ಬಿಗಿಯುವಾಗ ಸ್ಕ್ರೂ ತಿರುಗಿ ಸಂದು ಬದಲಾಗುತ್ತೆ. ಎಕ್ಸಾಸ್ಟ್ ಹೆಚ್ಚು ಬಿಸಿಯಾಗಿ ಹೆಚ್ಚು ಉದ್ದವಾಗುವುದರಿಂದ ಅದರ ಸಂದು ಇನ್‌ಟೇಕ್‌ಗಿಂತ ದೊಡ್ಡದಿರುತ್ತೆ. ಅಳತೆ ಮಾದರಿಯ ಮ್ಯಾನುಯಲ್‌ನಿಂದಲೇ ಬರಲಿ, ಬೇರೆ ಗಾಡಿಯ ನೆನಪಿನಿಂದ ಬೇಡ. ಗೇಜ್ ಇಲ್ಲದೆ ಕಿವಿಗೊಟ್ಟು ಸೆಟ್ ಮಾಡುವವರ ಕೈಗೆ ಕೊಡಬೇಡಿ.

ಈಗ ಟ್ಯೂನಿಂಗ್. ಆ ಮೆಕ್ಯಾನಿಕ್ ಕೆಟ್ಟವರು ಅಂತಲ್ಲ, ಅವರು ಹೇಳುತ್ತಿರುವುದು ಕಾರ್ಬ್ಯುರೇಟರ್‌ನ ಕೆಲಸ. ಗಾಳಿ-ಪೆಟ್ರೋಲ್ ಸ್ಕ್ರೂ ಒಳಗೆ ಕೂರಿಸಿ, ಇಷ್ಟು ಸುತ್ತು ಹೊರಗೆ ಬಿಟ್ಟು, ಐಡಲ್ ಸ್ಕ್ರೂ ಸರಿಮಾಡಿ, ಪ್ಲಗ್ಗಿನ ಬಣ್ಣ ನೋಡುವುದು. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಇಂಥ ಗಾಡಿಗಳಲ್ಲಿ ಆ ಸ್ಕ್ರೂಗಳೇ ಇಲ್ಲ. ಎಷ್ಟು ಪೆಟ್ರೋಲ್ ಚಿಮ್ಮಬೇಕು ಅಂತ ಇಸಿಯು (ಎಂಜಿನ್ನಿನ ಕಂಪ್ಯೂಟರ್) ತೀರ್ಮಾನಿಸುತ್ತೆ, ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿ ತಾನೇ ತಿದ್ದಿಕೊಳ್ಳುತ್ತೆ, ಐಡಲ್ ಕೂಡ ಅದರದ್ದೇ ಹಿಡಿತ. ಥ್ರಾಟಲ್ ಬಾಡಿಯಲ್ಲಿ ಬಣ್ಣದ ಗುರುತು ಹಾಕಿ ಮುಚ್ಚಿದ ಸ್ಟಾಪ್ ಸ್ಕ್ರೂ ಕಂಡರೆ ಅದನ್ನು ಮುಟ್ಟಿಸಬೇಡಿ. ಥ್ರಾಟಲ್ ಪೂರ್ತಿ ಮುಚ್ಚಿದಾಗ ಸೆನ್ಸರ್ ಹೇಳಬೇಕಾದ ಸೊನ್ನೆ ಸ್ಥಾನವೇ ತಪ್ಪಿಹೋಗುತ್ತೆ. ಆಮೇಲೆ ಐಡಲ್ ಏರಿಳಿತ, ಜರ್ಕ್, ಎಂಜಿನ್ ಲ್ಯಾಂಪ್.

ಮೈಲೇಜ್ ರಿಂಗು ಕೂರುತ್ತಾ ಹೋದಂತೆ ತಾನೇ ಸ್ವಲ್ಪ ಸುಧಾರಿಸುತ್ತೆ. ಅಲ್ಲಿಯತನಕ ಟೈರ್ ಗಾಳಿ, ಚೈನ್, ಬ್ರೇಕ್ ಉಜ್ಜುತ್ತಿಲ್ಲವಾ ಅನ್ನೋದನ್ನು ನೋಡಿಕೊಳ್ಳಿ, ಅಷ್ಟೇ ನಿಮ್ಮ ಕೈಲಿರುವ ಟ್ಯೂನಿಂಗ್. ಅಳೆಯುವುದಾದರೆ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ, ಒಂದೇ ಬಂಕಿನಲ್ಲಿ.

---

ಥ್ರಾಟಲ್_ಬಾಡಿ

ಇದಕ್ಕೆ ಒಂದು ಸೇರಿಸ್ತೀನಿ. ಟ್ಯೂನಿಂಗ್ ಜೊತೆಗೆ "ಸೈಲೆನ್ಸರ್ ಬದಲಾಯಿಸೋಣ" ಅನ್ನೋದು ಬಂದೇ ಬರುತ್ತೆ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಸಲೀಸಾಗಿ ಹೊಗೆ ಬಿಡುವ ಪೈಪ್ ಹಾಕಿದರೆ ಇಸಿಯು ಸ್ವಲ್ಪ ಮಟ್ಟಿಗೆ ಮಾತ್ರ ಸರಿದೂಗಿಸುತ್ತೆ. ಅದರಾಚೆ ಮಿಶ್ರಣ ಬಡವಾಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ), ಥ್ರಾಟಲ್ ಬಿಟ್ಟಾಗ ಪಟ್ ಪಟ್, ಹೆಡ್ ಬಿಸಿ. ರಿಂಗು ಇನ್ನೂ ಕೂರುತ್ತಿರುವ ಎಂಜಿನ್‌ಗೆ ಇದಕ್ಕಿಂತ ಕೆಟ್ಟ ಸಮಯ ಇಲ್ಲ. ವಾರಂಟಿ ಪ್ರಶ್ನೆ ಬೇರೆ, ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ 10,000 ರೂ. ತನಕ ದಂಡ ಬೇರೆ.

---

ಮಲೆನಾಡ್_ಚೈನ್

ಎಂಜಿನ್ ಬಗ್ಗೆ ಎಲ್ಲರೂ ಹೇಳಿದರು. ಮೊದಲ ಸರ್ವಿಸ್‌ನಲ್ಲಿ ನಿರ್ಲಕ್ಷ್ಯ ಆಗುವುದು ಎಂಜಿನ್ ಹೊರಗಿನ ಕೆಲಸದಲ್ಲಿ.

ಚೈನ್: ಹೊಸ ಚೈನ್ ಮೊದಲ ಕೆಲವು ನೂರು ಕಿ.ಮೀ.ನಲ್ಲೇ ಹೆಚ್ಚು ಸಡಿಲಾಗುತ್ತೆ. ಕೆಳಗಿನ ಸಾಲಿನ ಮಧ್ಯದಲ್ಲಿ ಮೇಲೆ ಕೆಳಗೆ ಒಟ್ಟು 25–30 ಮಿ.ಮೀ. ಆಡಬೇಕು. ಒಂದೇ ಕಡೆ ಅಳೆಯಬೇಡಿ, ಚಕ್ರ ತಿರುಗಿಸಿ ಎಲ್ಲಿ ಹೆಚ್ಚು ಬಿಗಿ ಇದೆಯೋ ಅಲ್ಲಿ ಅಳೆಯಬೇಕು. "ಟೈಟ್ ಇದ್ದರೆ ಒಳ್ಳೇದು" ಅಂತ ಎಳೆದುಬಿಟ್ಟರೆ ಇಬ್ಬರು ಕೂತು ಗುಂಡಿ ಹಾರಿಸಿದಾಗ ಸಸ್ಪೆನ್ಷನ್ ಕುಗ್ಗಿ ಚೈನ್ ಇನ್ನೂ ಬಿಗಿಯುತ್ತೆ, ಆ ಏಟು ಗೇರ್ ಬಾಕ್ಸಿನ ಔಟ್‌ಪುಟ್ ಶಾಫ್ಟ್ ಬೇರಿಂಗಿಗೆ ಬೀಳುತ್ತೆ. ಎರಡೂ ಬದಿಯ ಅಡ್ಜಸ್ಟರ್ ಗುರುತು ಸಮ ಇದೆಯಾ ನೋಡಿ, ಇಲ್ಲದಿದ್ದರೆ ಚಕ್ರ ಓರೆಯಾಗಿ ಸ್ಪ್ರಾಕೆಟ್ ಹಲ್ಲು ಒಂದೇ ಬದಿ ಸವೆಯುತ್ತೆ. ತೊಳೆಯಲು ಪೆಟ್ರೋಲ್ ಬೇಡ, ಕೊಂಡಿಗಳೊಳಗಿನ ರಬ್ಬರ್ ಉಂಗುರ ಹಾಳಾಗುತ್ತೆ. ಸೀಮೆಎಣ್ಣೆ, ಮೆದು ಬ್ರಷ್ ಸಾಕು. ಒರೆಸಿ ಚೈನ್ ಲೂಬ್ ಅಥವಾ 90 ಗೇರ್ ಆಯಿಲ್ ಚೈನಿನ ಒಳಬದಿಗೆ ಹಾಕಿ. 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆಂದ ಮೇಲೆ ಒಮ್ಮೆ. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಓಡಿಸುವವರಿಗೆ 500ರ ಲೆಕ್ಕ ನಡೆಯಲ್ಲ.

ಕ್ಲಚ್ ಕೇಬಲ್: ಲಿವರ್ ಬುಡದಲ್ಲಿ 2–3 ಮಿ.ಮೀ. ಖಾಲಿ ಆಟ ಇರಬೇಕು. ಆಟವೇ ಇಲ್ಲದಿದ್ದರೆ ಪ್ಲೇಟು ಪೂರ್ತಿ ಕೂರದೆ ಜಾರಿ ಸುಡುತ್ತೆ. ಆಟ ಹೆಚ್ಚಿದ್ದರೆ ಪೂರ್ತಿ ಬಿಡಿಸಿಕೊಳ್ಳಲ್ಲ, ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗದೆ ಒದ್ದಾಡಬೇಕು. ಗೇರ್ ಗಟ್ಟಿ ಅಂತ ದೂರುವ ಮೊದಲು ಇದನ್ನು ನೋಡಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ ಆಟ ಅಷ್ಟೇ ಇರಬೇಕು, ಐಡಲ್ ಏರಬಾರದು.

ಸ್ಪೋಕ್: ಸಣ್ಣ ಸ್ಪ್ಯಾನರ್‌ನಿಂದ ಒಂದೊಂದನ್ನೇ ತಟ್ಟಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತೆ, ಸಡಿಲಾದದ್ದು ಮಂದವಾಗಿ. ಸಡಿಲಾದ ಒಂದನ್ನು ಮಾತ್ರ ಸಿಕ್ಕಾಪಟ್ಟೆ ಬಿಗಿಯಬಾರದು, ರಿಮ್ ಓಲಾಡುತ್ತೆ. ಮೇಲಾಗಿ ನಿಪ್ಪಲ್ (ಸ್ಪೋಕ್ ಬಿಗಿಯುವ ನಟ್) ದಾಟಿ ಸ್ಪೋಕ್ ತುದಿ ಒಳಗೆ ಬಂದರೆ ಟ್ಯೂಬ್ ಪಂಕ್ಚರ್. ಸ್ಪೋಕ್ ಮಾದರಿಗೆ ಟ್ಯೂಬ್ ಟೈರ್ ಅನ್ನೋದು ಗೊತ್ತಿರಲಿ.

ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್): ಮುಂದಿನ ಬ್ರೇಕ್ ಹಿಡಿದು ಗಾಡಿ ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲ್ ಕೆಳಗೆ ಟಕ್ ಅಂದರೆ ಬಿಗಿ ಬೇಕು. ಮುಂಚಕ್ರ ಎತ್ತಿ ತಿರುಗಿಸಿದಾಗ ಮಧ್ಯದಲ್ಲಿ ಕಚ್ಚಿದ ಹಾಗಿದ್ದರೆ ಬಿಗಿ ಜಾಸ್ತಿಯಾಗಿದೆ.

ಸೈಲೆನ್ಸರ್ ಸ್ಟಡ್ ನಟ್, ಎಂಜಿನ್ ಮೌಂಟಿಂಗ್, ಹಿಂದಿನ ಆಕ್ಸಲ್ ನಟ್, ಬ್ಯಾಟರಿ ಟರ್ಮಿನಲ್ ಇವನ್ನು ಒಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿಸಿ. ಬಿಸಿಯಾಗಿ ತಣ್ಣಗಾಗಿ ಮೊದಲು ಸಡಿಲಾಗುವುದು ಸೈಲೆನ್ಸರ್ ನಟ್‌ಗಳೇ. ವಾಟರ್ ವಾಷ್ ಎಂಜಿನ್ ಆರಿದ ಮೇಲೆ ಮಾಡಲಿ, ಪ್ರೆಷರ್ ನೀರು ಚಕ್ರದ ಬೇರಿಂಗ್, ಕನೆಕ್ಟರ್‌ಗಳಿಗೆ ನೇರ ಹೊಡೆಯದಿರಲಿ.

---

ಆಯಿಲ್_ಸಂಪ್

ಸರ್ವಿಸ್ ಆಗಿ ಬಂದ ಮೇಲೆ: ಆ ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ. ಬೆಳಿಗ್ಗೆ ಡ್ರೈನ್ ಬೋಲ್ಟ್, ಫಿಲ್ಟರ್ ಮುಚ್ಚಳದ ಸುತ್ತ ಒಣಗಿದೆಯಾ ನೋಡಿ. 50 ಕಿ.ಮೀ. ಓಡಿಸಿದ ಮೇಲೆ ಲೆವೆಲ್ ಮತ್ತೊಮ್ಮೆ ನೋಡಿ, ಹೊಸ ಫಿಲ್ಟರ್ ಸ್ವಲ್ಪ ಆಯಿಲ್ ಹೀರಿರುತ್ತೆ. ಮುಂದಿನ ಸರ್ವಿಸ್ 5,000 ಕಿ.ಮೀ. ಅಥವಾ 6 ತಿಂಗಳಿಗೆ. ಆಯಿಲ್ ಬದಲಾವಣೆ ಕಂಪನಿಯ ಸರ್ವಿಸ್ ಪಟ್ಟಿಯ ಪ್ರಕಾರ 10,000ಕ್ಕೆ. ದಿನಾ ಪೇಟೆ ಟ್ರಾಫಿಕ್, ಮಣ್ಣು ರಸ್ತೆ ಇದ್ದರೆ 5,000ಕ್ಕೇ ಬದಲಾಯಿಸಿ ಅಂತ ನನ್ನ ಸಲಹೆ. ಹಾಗೆ ಮಾಡದಿದ್ದರೂ ತಿಂಗಳಿಗೊಮ್ಮೆ ಆ ಗಾಜು ನೋಡಿ, ಕೆಳಗಿನ ಗುರುತಿಗೆ ಇಳಿದಿದ್ದರೆ ಅದೇ ದರ್ಜೆಯ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಸೇರಿಸಿ.